ಶೆಟ್ಟಿಹಳ್ಳಿಯಿಂದ ಬಲ್ಮಠಕ್ಕೆ: ಚೌತಿ, ಮೊಂತಿ ಹಬ್ಬ ಮತ್ತು ಅವ್ವನ ಗೀತೆ ಪುಸ್ತಕ

ಮೊದಲ ದಿನ: ಗುರುವಾರ, ಸೆಪ್ಟೆಂಬರ್ 5, 2024

ಶಿಕ್ಷಕರ ದಿನಾಚರಣೆಯ ದಿನ ಬೆಂಗಳೂರಲ್ಲಿ ಇರಬಾರದು ಅಂತ ಆಗಸ್ಟಿನಲ್ಲೇ ತೀರ್ಮಾನ ಮಾಡಿದ್ದೆ. ಮೇ ಕೊನೆಗೆ ನಿವೃತ್ತಿಯಾಗಿತ್ತು. 33 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಮೇಲೆ, ಬೆಳಗ್ಗೆ ಎಂಟೂವರೆ ಆದರೆ ಕೈ ಈಗಲೂ ಬ್ಯಾಗ್ ಹುಡುಕುತ್ತದೆ. ಬ್ಯಾಗ್ ಬೀರುವಿನ ಮೇಲಿದೆ. "ಇನ್ನು ಏನ್ ಮಾಡ್ತೀರಿ ಮೇಡಂ?" ಅಂತ ಕಂಡವರೆಲ್ಲ ಕೇಳುತ್ತಿದ್ದರು. ಗಿಡ ಬೆಳೆಸ್ತೀನಿ, ಓದ್ತೀನಿ ಅಂತ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ. ರಾತ್ರಿ ಮಲಗಿದಾಗ ಅದೇ ಪ್ರಶ್ನೆ ತಿರುಗಿ ಬರುತ್ತಿತ್ತು. ಆಗ ಜಾರಿಕೊಳ್ಳುವುದಕ್ಕೆ ಜಾಗ ಇರುತ್ತಿರಲಿಲ್ಲ.

ಇನ್ನೊಂದು ವಿಷಯ ಇತ್ತು. ನಾವು ಗದಗ ಬೆಟಗೇರಿ ಕಡೆಯವರು, ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರು. ನಾನು ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಕಾಯರ್‌ನಲ್ಲಿ ಎರಡನೇ ಸಾಲಿನ ಜಾಗ ನನ್ನದೇ. ಆದರೆ ಅಯ್ಯನವರು ಪ್ರಸಂಗ ಮಾಡುವಾಗ ಎಷ್ಟೋ ವಾರ ನಾನು ಮನಸ್ಸಿನಲ್ಲೇ ಉತ್ತರಪತ್ರಿಕೆ ತಿದ್ದಿದ್ದೇನೆ. ಬಾಯಿ ಹಾಡುತ್ತಿತ್ತು, ತಲೆ ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಪಟ್ಟಿಯಲ್ಲಿರುತ್ತಿತ್ತು. ಕಳೆದ ವರ್ಷ ಅವ್ವ ತೀರಿಕೊಂಡಾಗ ಅವಳ ಗೀತೆ ಪುಸ್ತಕ ನನ್ನ ಪಾಲಿಗೆ ಬಂತು. ಕಂದು ರಟ್ಟಿನ ಹೊದಿಕೆ, ಪುಟಪುಟಕ್ಕೂ ಅಮೃತಾಂಜನದ ವಾಸನೆ. ಅವ್ವ ಅದನ್ನು ಹಿಡಿದು ಹಾಡಿದಾಗ ನಿಜವಾಗಿ ಹಾಡುತ್ತಿದ್ದಳು. ಪಕ್ಕದಲ್ಲಿ ನಿಂತವಳಿಗೆ ಅದು ಗೊತ್ತಾಗುತ್ತಿತ್ತು.

ಆ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಕಾರು ಓಡಿಸಿದ್ದು ಅಣ್ಣನ ಮಗ. 24 ವಯಸ್ಸು, ಸಾಫ್ಟ್‌ವೇರ್ ಕೆಲಸ. ಅವನು ಬಂದಿದ್ದು ಆರಾಧನೆಗಲ್ಲ. ಮಂಗಳೂರಲ್ಲಿ ಸಣ್ಣಾಸ್ ಜೊತೆ ಹಂದಿ ಸಾರು ತಿನ್ನಬೇಕು, ಶಿರಾಡಿಯಲ್ಲಿ ಕಾರು ಓಡಿಸಬೇಕು, ಅಷ್ಟೇ. ಮೊದಲೇ ಹೇಳಿಬಿಟ್ಟಿದ್ದ. ಕುಣಿಗಲ್ ಹತ್ತಿರ ತಟ್ಟೆ ಇಡ್ಲಿ ತಿಂದು ಹಾಸನ ತಲುಪಿದಾಗ ಹನ್ನೊಂದು. ಅಲ್ಲಿಂದ ಶೆಟ್ಟಿಹಳ್ಳಿ ಇಪ್ಪತ್ತು ಕಿಲೋಮೀಟರ್ ಆಚೀಚೆ.

ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಫೋಟೋಗಳಲ್ಲಿ ಎಲ್ಲರೂ ನೋಡಿರುತ್ತೀರಿ. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಜನ ಊರು ಬಿಟ್ಟರು, ಚರ್ಚ್ ಹಿನ್ನೀರಿಗೆ ಸಿಕ್ಕಿತು. ಪೂರ್ತಿ ಕಟ್ಟಡ ನೋಡಬೇಕಾದರೆ ಡಿಸೆಂಬರ್ ಕಳೆದು ಬೇಸಿಗೆಯೊಳಗೆ ಬರಬೇಕು. ನಾವು ಹೋದಾಗ ಜಲಾಶಯ ತುಂಬಿತ್ತು. ನೀರಿನ ನಡುವೆ ಕಮಾನುಗಳ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಗೋಡೆಯ ಒಂದು ಭಾಗ ಈಚಿನ ವರ್ಷಗಳಲ್ಲಿ ಬಿದ್ದೂ ಹೋಗಿದೆ. ಸೋನೆ ಮಳೆ, ಬೂದು ನೀರು, ಬೂದು ಆಕಾಶ.

ಹತ್ತಿರದಿಂದ ನೋಡೋಣ ಅಂತ ದಡಕ್ಕೆ ಇಳಿದೆ. ನಾಲ್ಕು ಹೆಜ್ಜೆಗೆ ಬಲಗಾಲು ಕೆಸರಿನಲ್ಲಿ ಹೂತಿತು. ಎಳೆದುಕೊಂಡರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಅಳಿಯ ಕೋಲು ಹಾಕಿ ಮೀಟಿದ. ಬಂತು, ಆದರೆ ಪಟ್ಟಿ ಕಿತ್ತು ಬಂತು. ಕುರಿ ಕಾಯುತ್ತಿದ್ದ ಒಬ್ಬರು ಗೊಪ್ಪೆ ಹೊದ್ದುಕೊಂಡು ಇದನ್ನೆಲ್ಲ ನೋಡುತ್ತಿದ್ದರು.

"ನಿಮ್ಮೋರ್ದಾ ತಾಯಿ ಇದು?" ಅಂದರು.

ಏನು ಹೇಳಲಿ? ಇದು ಕಥೋಲಿಕರದ್ದು, ನಾವು ಬೇರೆ ಸಭೆಯವರು ಅಂತ ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ವಿವರಿಸುವುದು ಸರಿ ಅನ್ನಿಸಲಿಲ್ಲ. ಹೌದು ಅಂದೆ.

"ಬ್ಯಾಸಿಗೇಲಿ ಬೇಜಾನ್ ಜನ ಬತ್ತಾರೆ. ಮದುವೆ ಫೋಟೋ ತೆಗಿಸ್ಕೊಳೋಕೆ. ಮಳೆಗಾಲದಲ್ಲಿ ಯಾರೂ ಇಲ್ಲ. ಒಳಗೆ ಮೀನುಗಳದ್ದೇ ಪೂಜೆ."

ಅವರು ನಕ್ಕರು, ನಾವೂ ನಕ್ಕೆವು. ಹಾಸನಕ್ಕೆ ವಾಪಸ್ ಬಂದು ಒಂದು ಜೊತೆ ರಬ್ಬರ್ ಚಪ್ಪಲಿ ತಗೊಂಡೆ. ಫೋನ್ ತೆಗೆದರೆ 41 ಶುಭಾಶಯ. ಒಂದಕ್ಕೂ ಉತ್ತರ ಬರೆಯುವ ಮನಸ್ಸಾಗಲಿಲ್ಲ. ನನ್ನ ಭಾನುವಾರಗಳೂ ಹೀಗೇನಾ, ಹೊರಗಿಂದ ಕಮಾನು, ಒಳಗೆ ನೀರು ಅಂತ ಯೋಚಿಸುತ್ತ ಮಲಗಿದೆ. ನಿದ್ದೆ ಸರಿಯಾಗಿ ಬರಲಿಲ್ಲ.

ಎರಡನೇ ದಿನ: ಶುಕ್ರವಾರ

ಸಕಲೇಶಪುರ ದಾಟುತ್ತಿದ್ದ ಹಾಗೆ ಮಳೆ ಜೋರಾಯಿತು. ಜುಲೈನಲ್ಲಿ ಗುಡ್ಡ ಕುಸಿದು ಗಾಡಿಗಳೆಲ್ಲ ನಿಂತುಹೋಗಿದ್ದ ರಸ್ತೆ ಇದು. ಅಲ್ಲಲ್ಲಿ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಮುಂದೆ ಲಾರಿ, ಹಿಂದೆ ಲಾರಿ. ಘಾಟಿ ಇಳಿದು ಗುಂಡ್ಯದ ಹತ್ತಿರ ಬರುವಾಗ ಟೈರ್ ಪಂಕ್ಚರ್. ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ. ಹೋದ ತಿಂಗಳು ಯಾರೋ ಗೆಳೆಯನಿಗೆ ಕೊಟ್ಟಿದ್ದನಂತೆ. ಈಗಿನ ಹುಡುಗರು ಎಲ್ಲವನ್ನೂ ಆ್ಯಪ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ನೆಟ್‌ವರ್ಕೂ ಇರಲಿಲ್ಲ. ಮಳೆಗಾಲದಲ್ಲಿ ಈ ದಾರಿಗೆ ಇಳಿಯುವವರು ಹೊರಡುವ ಮೊದಲು ಡಿಕ್ಕಿ ತೆಗೆದು ಒಂದು ಸಲ ನೋಡಿಕೊಳ್ಳಿ.

ಅರ್ಧ ಗಂಟೆ ಕೈ ಬೀಸಿದ ಮೇಲೆ ಒಂದು ಲಾರಿ ನಿಂತಿತು. ಡ್ರೈವರ್ ಇಳಿದು, ಏನೂ ಕೇಳದೆ, ಮಳೆಯಲ್ಲಿ ಮಂಡಿಯೂರಿ ಕೂತು ಟೈರ್ ಬದಲಾಯಿಸಿಕೊಟ್ಟರು. ದುಡ್ಡು ಕೊಡಹೋದರೆ, "ನಾಳೆ ಚೌತಿ, ಇವತ್ತೇ ಮನೆ ಸೇರಬೇಕು. ಬಿಡಿ ಅಮ್ಮ, ಲೇಟಾಗ್ತದೆ" ಅಂತ ಹತ್ತಿ ಹೋದರು.

ಮಂಗಳೂರು ತಲುಪಿದಾಗ ಎರಡು ಗಂಟೆ. ಚೌತಿ, ಕರಾವಳಿ ಕಥೋಲಿಕರ ಮೊಂತಿ ಹಬ್ಬ ಎರಡೂ ಬೆನ್ನಿಗೆ ಬೆನ್ನು ಬಂದಿದ್ದರಿಂದ ಪೇಟೆ ತುಂಬಾ ಕಬ್ಬಿನ ರಾಶಿ. ಎರಡೂ ಹಬ್ಬಕ್ಕೆ ಕಬ್ಬು ಬೇಕೇ ಬೇಕು. ಕಬ್ಬು ಮಾರುವವನಿಗೆ ಯಾರ ಹಬ್ಬ ಅಂತ ಕೇಳುವ ಪುರುಸೊತ್ತೂ ಇರಲಿಲ್ಲ.

ಊಟ ಮುಗಿಸಿ ಲೈಟ್‌ಹೌಸ್ ಹಿಲ್ ಹತ್ತಿ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆವು. ಗೋಡೆ, ಛಾವಣಿ, ಕಮಾನು, ಎಲ್ಲಿ ನೋಡಿದರೂ ಚಿತ್ರ. ಇಟಲಿಯ ಜೆಸುವಿಟ್ ಬ್ರದರ್ ಆಂಟೋನಿಯೋ ಮೊಸ್ಕೆನಿ 1899ರಲ್ಲಿ ಶುರುಮಾಡಿ 1901ರಲ್ಲಿ ಮುಗಿಸಿದ್ದು. ಗೋಡೆಯ ಮೇಲಿನ ಕೆಲವು ಚಿತ್ರಗಳನ್ನು ಗಾರೆ ಹಸಿಯಾಗಿದ್ದಾಗಲೇ ಬಣ್ಣ ಹಾಕಿ ಬರೆಯಬೇಕು. ಗಾರೆ ಒಣಗಿದರೆ ಆಯಿತು, ತಿದ್ದುವುದಕ್ಕೆ ಬರುವುದಿಲ್ಲ. ಮಂಗಳೂರಿನ ಈ ಸೆಖೆಯಲ್ಲಿ, ಅಟ್ಟಣಿಗೆಯ ಮೇಲೆ ತಲೆ ಎತ್ತಿಕೊಂಡು ಎರಡು ವರ್ಷ! ಹತ್ತು ನಿಮಿಷ ಮೇಲೆ ನೋಡಿದ್ದಕ್ಕೇ ನನ್ನ ಕತ್ತು ಹಿಡಿದುಕೊಂಡಿತು. ಆಮೇಲೆ ಬೆಂಚಿನ ಮೇಲೆ ಒರಗಿ ಕೂತು ನೋಡಿದೆ. ನೀವೂ ಹಾಗೇ ಮಾಡಿ.

ಛಾವಣಿಯಲ್ಲಿ ಅಲೋಶಿಯಸ್ ಗೊಂಜಾಗನ ಜೀವನ ಇದೆ. ದೊಡ್ಡ ಮನೆತನದ ಹಿರಿಮಗ. ಆಸ್ತಿ, ಪದವಿ ಎಲ್ಲ ಬರುವುದಿತ್ತು. ತಮ್ಮನಿಗೆ ಬರೆದುಕೊಟ್ಟು ಸನ್ಯಾಸಿಯಾದ. ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ಹೋಗಿ, ಅದೇ ರೋಗ ತಗುಲಿ 1591ರಲ್ಲಿ ತೀರಿಕೊಂಡ. ಆಗ ಅವನಿಗೆ 23.

"ನನಗಿಂತ ಒಂದು ವರ್ಷ ಚಿಕ್ಕವನು" ಅಂದ ಅಳಿಯ. ಅಷ್ಟು ಹೇಳಿ ಸುಮ್ಮನಾದ. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಫೋನ್ ತೆಗೆಯಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಹದಿನೇಳು, ಹದಿನೆಂಟಕ್ಕೇ ಇಂಥದ್ದಕ್ಕೆ ಅಂತ ಗೊತ್ತಾಗಿಬಿಡುವವರ ಕಥೆ ಕೇಳಿದರೆ ನನಗೆ ಯಾವಾಗಲೂ ಹಾಗೇ. ಅರವತ್ತಕ್ಕೆ ಬಂದು ನಿಂತವಳಿಗೆ ಅಂಥ ಛಾವಣಿಯಲ್ಲಿ ಜಾಗ ಎಲ್ಲಿದೆ?

ರಾತ್ರಿ ಅವನಿಗೆ ಬೇಕಾದದ್ದು ಸಿಗಲಿಲ್ಲ. ವಿಚಾರಿಸಿದ ಎರಡು ಕಡೆಯೂ ಹಂದಿ ಸಾರು ಖಾಲಿ. ಕೋರಿ ರೊಟ್ಟಿ ತಿಂದ. ಅದೂ ಸಿಟ್ಟಿನಲ್ಲಿ.

ಮೂರನೇ ದಿನ: ಶನಿವಾರ, ಚೌತಿ

ಬೆಳಗ್ಗೆ ಬನ್ಸ್, ಕಾಫಿ ಮುಗಿಸಿ ಮೂಡಬಿದಿರೆ ದಾರಿಯಲ್ಲಿ ಕಾರ್ಕಳಕ್ಕೆ ಹೊರಟೆವು. ಐವತ್ತು ಕಿಲೋಮೀಟರ್ ಚಿಲ್ಲರೆ. ಆಗ ರಸ್ತೆ ಅಗಲ ಮಾಡುತ್ತಿದ್ದುದರಿಂದ ಎರಡು ಗಂಟೆ ಇಟ್ಟುಕೊಳ್ಳಬೇಕಾಗಿತ್ತು. ಊರೂರಿನಲ್ಲೂ ಗಣೇಶನ ಪೆಂಡಾಲು, ಚೆಂಡೆ, ಹೊಸ ಬಟ್ಟೆಯ ಮಕ್ಕಳು. ಹೋಟೆಲುಗಳು ಜಾಸ್ತಿ ಮುಚ್ಚಿದ್ದವು. ಒಂದು ಬೇಕರಿಯಲ್ಲಿ ಸಿಕ್ಕಿದ ಬಾಳೆಹಣ್ಣು, ರಸ್ಕಿನಲ್ಲೇ ಮಧ್ಯಾಹ್ನ ಕಳೆಯಿತು.

ಕಾರ್ಕಳ ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಆಚೆ ಅತ್ತೂರು. ಸಂತ ಲಾರೆನ್ಸರ ಚರ್ಚ್ ಇಲ್ಲಿ 1759ರಿಂದ ಇದೆ. 2016ರಲ್ಲಿ ಬಸಿಲಿಕ, ಅಂದರೆ ಪೋಪ್ ವಿಶೇಷ ಗೌರವ ಕೊಟ್ಟ ಚರ್ಚ್ ಆಯಿತು. ಜನವರಿ ಕೊನೆಗೆ ಇಲ್ಲಿ ಆಗುವ ಅತ್ತೂರು ಜಾತ್ರೆಗೆ ಯಾವ ಧರ್ಮದವರು ಬರುತ್ತಾರೆ ಅಂತ ಕೇಳುವುದಕ್ಕಿಂತ ಯಾರು ಬರುವುದಿಲ್ಲ ಅಂತ ಕೇಳುವುದು ಸುಲಭ. ನಾವು ಹೋದದ್ದು ಜಾತ್ರೆ ಇಲ್ಲದ, ಜನ ಇಲ್ಲದ ದಿನ. ಚೌತಿ ಬೇರೆ. ಮಳೆ ನಿಂತು ಬಿಸಿಲು ಬಂದಿತ್ತು.

ಮೊಂಬತ್ತಿ ಹಚ್ಚುವ ಜಾಗದಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಹೊಸ ಸೀರೆ, ಹಣೆಯಲ್ಲಿ ಕುಂಕುಮ, ತಲೆಯಲ್ಲಿ ಶಂಕರಪುರ ಮಲ್ಲಿಗೆ. ಚೌತಿಗೆ ಈ ಮಲ್ಲಿಗೆಯ ಬೆಲೆ ಕೇಳುವ ಹಾಗಿರುವುದಿಲ್ಲ. ತಲೆಯಲ್ಲಿದ್ದದ್ದರಲ್ಲಿ ಅರ್ಧ ಹರಿದು ಲಾರೆನ್ಸರ ಮುಂದೆ ಇಟ್ಟಳು. ನಾನು ನೋಡುತ್ತಿದ್ದದ್ದು ಕಂಡು ತಾನೇ ಮಾತಾಡಿದಳು.

"ಮನೆಯಲ್ಲಿ ಗಣಪತಿಗೆ ಪೂಜೆ ಆಯ್ತು ಅಕ್ಕ. ಇಲ್ಲಿಗೂ ಹೇಳಿ ಹೋಗುವಾ ಅಂತ ಬಂದೆ. ಮಗಳಿಗೆ ಹುಷಾರಿರಲಿಲ್ಲ, ಆಗ ಕೇಳಿಕೊಂಡಿದ್ದೆ."

"ಈಗ ಹುಷಾರಾದಳಾ?"

"ಇಲ್ಲ. ಆದ್ರೂ ಹೇಳಿ ಹೋಗಬೇಕಲ್ಲ?"

ಏನು ಹೇಳಿ ಹೋಗುವುದು ಅಂತ ನಾನು ಕೇಳಲಿಲ್ಲ. ಅವಳು ಮೊಂಬತ್ತಿಯ ಬುಡ ಕರಗಿಸಿ, ಬೇರೆಯವರದ್ದು ಬೀಳುತ್ತಿದ್ದುದನ್ನೂ ಸರಿಯಾಗಿ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದಳು.

ಲಾರೆನ್ಸರ ಕಥೆ ನನಗೆ ಇಷ್ಟ. ಅವರು ಕ್ರಿ.ಶ. 258ರಲ್ಲಿ ರೋಮ್‌ನಲ್ಲಿ ಸಭೆಯ ಸೇವಕರಾಗಿದ್ದರು. ದಾನ ಧರ್ಮದ ಲೆಕ್ಕ ಅವರ ಕೈಯಲ್ಲಿತ್ತು. ಸಭೆಯ ಸಂಪತ್ತು ತಂದೊಪ್ಪಿಸು ಅಂತ ಅಧಿಕಾರಿ ಹೇಳಿದಾಗ ಊರಿನ ಬಡವರು, ಕುಂಟರು, ವಿಧವೆಯರನ್ನು ಕರಕೊಂಡು ಹೋಗಿ ನಿಲ್ಲಿಸಿ, ಇವರೇ ಸಂಪತ್ತು ಅಂದರಂತೆ. ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟರು ಅಂತ ಪರಂಪರೆ ಹೇಳುತ್ತದೆ. ನಮ್ಮ ಸಭೆಯಲ್ಲಿ ಸಂತರ ಮೂರ್ತಿ ಇಡುವುದಿಲ್ಲ. ಮೊಂಬತ್ತಿ ಹಚ್ಚುವ ಅಭ್ಯಾಸವೂ ನನಗಿಲ್ಲ. ಆದರೂ ಆ ದಿನ ಒಂದು ತಗೊಂಡು ಹಚ್ಚಿದೆ. ಕೇಳಿಕೊಳ್ಳುವುದಕ್ಕೆ ಏನೂ ಹೊಳೆಯಲಿಲ್ಲ. ಆ ಹೆಂಗಸಿನ ಮಗಳಿಗೆ ಅಂದೆ.

ನಾಲ್ಕನೇ ದಿನ: ಭಾನುವಾರ, ಮೊಂತಿ ಫೆಸ್ತ್

ನನ್ನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಗೆಳತಿ ಒಬ್ಬಳು ಬಂಟ್ವಾಳ ಕಡೆಯವಳು. ಕೊಂಕಣಿ ಕಥೋಲಿಕರು. ಹಬ್ಬಕ್ಕೆ ಬಾ ಅಂತ ಪ್ರತಿ ವರ್ಷ ಕರೆಯುತ್ತಿದ್ದಳು. ಪ್ರತಿ ವರ್ಷ ನನಗೆ ಕಿರುಪರೀಕ್ಷೆ ಇರುತ್ತಿತ್ತು. ಈ ಸಲ ನೆಪ ಇರಲಿಲ್ಲ.

ಸೆಪ್ಟೆಂಬರ್ 8 ಕನ್ಯಾಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯಲ್ಲಿ ಅದೇ ಹೊಸ ತೆನೆಯ ಹಬ್ಬ. ಇದಕ್ಕೆ ಮೊಂತಿ ಅಂತ ಹೆಸರು ಬಂದದ್ದು ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದ ಅನ್ನುತ್ತಾರೆ. ನೇತ್ರಾವತಿ ದಡದ ಆ ಗುಡ್ಡದ ಮೇಲೆ 1763ರಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂಡ ಈ ಹಬ್ಬ ಶುರುಮಾಡಿದರು ಅಂತ ಇಲ್ಲಿನವರ ಮಾತು. ಗೆಳತಿಯ ಊರಿನ ಇಗರ್ಜಿ ಅಷ್ಟು ಹಳೆಯದಲ್ಲ. ಮುಂದೆ ಗದ್ದೆ, ಹಿಂದೆ ಅಡಿಕೆ ತೋಟ.

ಒಂಬತ್ತು ದಿನದಿಂದ ಮಕ್ಕಳು ದಿನಾ ಹೂ ತಂದು ಬಾಲಮರಿಯಮ್ಮನ ಮುಂದೆ ಹಾಕಿದ್ದರು. ಇವತ್ತು ಕಡೇ ದಿನ. ತಟ್ಟೆ, ಬುಟ್ಟಿ, ಒಬ್ಬ ಹುಡುಗನ ಕೈಯಲ್ಲಿ ಹಾಲಿನ ಕ್ಯಾನು. ಗೋರಂಟಿ, ದಾಸವಾಳ, ಗೊಂಡೆ, ಬೇಲಿ ಬದಿಯ ಹೆಸರಿಲ್ಲದ ಹೂವು. ಹುಡುಗನ ಕ್ಯಾನಿನಲ್ಲಿ ಪೂರ್ತಿ ಹುಲ್ಲಿನ ಹೂವೇ ಇತ್ತು. ಪಾದ್ರಿಗಳು ಮೊದಲು ತೆನೆಯ ಕಟ್ಟುಗಳನ್ನು ಆಶೀರ್ವದಿಸಿದರು. ಆಮೇಲೆ ಮೆರವಣಿಗೆ, ಹೂವಿನ ಮಳೆ, ಕೊಂಕಣಿ ಹಾಡು. ನನಗೆ ಭಾಷೆ ಅರ್ಧಂಬರ್ಧ. ಅರ್ಥ ಆಗದೆ ಇದ್ದದ್ದರಿಂದಲೋ ಏನೋ, ತಪ್ಪು ಹುಡುಕುವ ಕೆಲಸ ತಲೆಗೆ ಇರಲಿಲ್ಲ. ಪೂಜೆ ಮುಗಿಯುವಷ್ಟು ಹೊತ್ತೂ ಅಲ್ಲೇ ಇದ್ದೆ. ಮೈಯೂ ಮನಸ್ಸೂ ಒಂದೇ ಬೆಂಚಿನ ಮೇಲೆ.

ಪೂಜೆ ಆದ ಮೇಲೆ ಪ್ರತಿ ಮನೆಗೂ ತೆನೆ, ಮಕ್ಕಳಿಗೆಲ್ಲ ಕಬ್ಬು. ಅಳಿಯನೂ ಮಕ್ಕಳ ಸಾಲಿನಲ್ಲಿ ನಿಂತು ಒಂದು ತುಂಡು ಗಿಟ್ಟಿಸಿಕೊಂಡ. ಮಧ್ಯಾಹ್ನ ಹಂದಿ ಸಾರು ಗ್ಯಾರಂಟಿ ಅಂತ ಅವನು ಬೆಳಗ್ಗೆ ತಿಂಡಿಯನ್ನೂ ಕಡಿಮೆ ತಿಂದಿದ್ದ. ನನಗೂ ಗೊತ್ತಿರಲಿಲ್ಲ: ಮೊಂತಿ ಹಬ್ಬದ ಊಟ ಪೂರ್ತಿ ಸಸ್ಯಾಹಾರ. ಬಾಳೆ ಎಲೆಯ ಮೇಲೆ ಅನ್ನ, ತೊಂಡೆಕಾಯಿ ಗೋಡಂಬಿ, ಬೆಂಡೆ, ಹೀರೆ, ಹರಿವೆ ದಂಟು ಕೆಸುವಿನ ಪದಾರ್ಥ. ಅವನ ಮುಖ ನೋಡಿ ಗೆಳತಿಗೆ ನಗು ತಡೆಯಲಾಗಲಿಲ್ಲ. "ನಾಳೆ ಬಾ ಪುಟ್ಟ, ನಾಳೆ ಬೇಕಾದಷ್ಟು ಉಂಟು."

ಊಟಕ್ಕೆ ಮೊದಲು ನಡೆದದ್ದು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ದೇವರ ಪೀಠದ ಮುಂದೆ ಮನೆಯವರೆಲ್ಲ ಸೇರಿದರು. ಗೆಳತಿಯ ಮಾವ, ಎಂಬತ್ತು ದಾಟಿದವರು, ಕುರ್ಚಿಯಲ್ಲಿ ಕೂತು ತೆನೆಯಿಂದ ಒಂದೊಂದೇ ಭತ್ತ ಬಿಡಿಸಿದರು. ಹೆಬ್ಬೆರಳಿನ ಉಗುರು ಭತ್ತದ ಬೆನ್ನಿಗೆ ಒತ್ತುವುದು, ಸಿಪ್ಪೆ ಸೀಳುವುದು, ಒಳಗಿನ ಹಸಿರು ಬಿಳಿ ಅಕ್ಕಿಯನ್ನು ತಟ್ಟೆಗೆ ಹಾಕುವುದು. ಹಾಲು ಕಟ್ಟಿದ ಎಳೆ ಅಕ್ಕಿ, ಒತ್ತಿದರೆ ಪುಡಿಯಾಗುತ್ತದೆ. ಒಂದೊಂದಕ್ಕೂ ಮೆಲ್ಲಗೆ ಏನೋ ಅನ್ನುತ್ತಿದ್ದರು. ಪ್ರಾರ್ಥನೆ ಅಂದುಕೊಂಡೆ. ಹತ್ತಿರ ಬಗ್ಗಿ ಕೇಳಿದರೆ ಹೆಸರುಗಳು. ಮನೆಯಲ್ಲಿದ್ದವರು, ದುಬೈಯಲ್ಲಿದ್ದ ಮೊಮ್ಮಗ, ಮುಂಬೈಯ ಮಗಳು. ಕೊನೆಗೆ ನಮ್ಮಿಬ್ಬರ ಕಡೆ ನೋಡಿ, ಹೆಸರು ಗೊತ್ತಿಲ್ಲದ್ದರಿಂದ ಕೈ ತೋರಿಸಿ, ಇನ್ನೆರಡು ಭತ್ತ ಬಿಡಿಸಿದರು. ಎಲ್ಲವನ್ನೂ ಪುಡಿ ಮಾಡಿ ತೆಂಗಿನ ಹಾಲು, ಬೆಲ್ಲದ ಪಾಯಸಕ್ಕೆ ಸೇರಿಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ದೂರದಲ್ಲಿರುವವರಿಗೆ ನಾಲ್ಕು ಭತ್ತ ಲಕೋಟೆಯಲ್ಲಿ ಹಾಕಿ ಅಂಚೆಗೆ ಕಳಿಸುತ್ತಾರಂತೆ. ಹೊಸ ಅಕ್ಕಿ ಹೀಗೆ ಹಂಚಿ ತಿನ್ನುವುದಕ್ಕೆ ನವೆಂ ಅನ್ನುತ್ತಾರೆ.

ಅರ್ಧ ಗಂಟೆ ಆಯಿತು. ಎಲೆಯ ಮೇಲಿನ ಅನ್ನ ಆರಿತು. ಯಾರೂ ಅವಸರ ಮಾಡಲಿಲ್ಲ. ಹೊರಡುವಾಗ ನನ್ನ ಕೈಗೂ ಒಂದು ತೆನೆ ಬಂತು. ಅವ್ವನ ಪುಸ್ತಕದ ನಡುವೆ ಇಟ್ಟುಕೊಂಡೆ.

ಐದನೇ ದಿನ: ಸೋಮವಾರ, ಬಲ್ಮಠ

ವಾಪಸ್ ಹೊರಡುವ ಮೊದಲು ಎರಡು ಗಂಟೆ ನನಗೆ ಬೇಕು ಅಂತ ಅಳಿಯನಿಗೆ ಹೇಳಿದೆ. ಅವನು ಗೆಳತಿಯ ಮನೆಗೆ ಹೋದ. ಯಾಕೆ ಅಂತ ಹೇಳಬೇಕಾಗಿಲ್ಲ.

ಮಂಗಳೂರಿನ ಬಲ್ಮಠ ಅಂದರೆ ನಮ್ಮ ಮನೆಯಲ್ಲಿ ಕಥೆ. 1834ರ ಅಕ್ಟೋಬರ್ 30ಕ್ಕೆ ಲೆಹ್ನರ್, ಗ್ರೈನರ್, ಹೆಬಿಕ್ ಅನ್ನುವ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದಿಳಿದರು. ಎರಡು ವರ್ಷಕ್ಕೆ ಮೊಗ್ಲಿಂಗ್ ಬಂದರು. ಅವರು 1843ರ ಜುಲೈ 1ಕ್ಕೆ ತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸಿದ್ದೂ ಅವರೇ. ಆಮೇಲೆ ಕಿಟೆಲ್. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿದರು. 1894ರಲ್ಲಿ 70,000 ಶಬ್ದಗಳ ಕೋಶ ಇಲ್ಲಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂತು. ಸುವಾರ್ತೆ ಸಾರಲು ಬಂದವರು ಜೈನ ವ್ಯಾಕರಣ, ವೈಷ್ಣವ ಹಾಡು ಹಿಡಿದು ಕೂತರಲ್ಲ, ಅದು ನನಗೆ ಯಾವಾಗಲೂ ಸೋಜಿಗ. ಹಳೆಯ ಕಾಗದಪತ್ರಗಳು ಇಲ್ಲಿನ ಥಿಯೋಲಾಜಿಕಲ್ ಕಾಲೇಜಿನ ಆವರಣದಲ್ಲಿವೆ. ನೋಡುವ ಆಸೆ ಇದ್ದವರು ಮೊದಲೇ ಬರೆದು ಕೇಳಿಕೊಂಡು ಬನ್ನಿ. ನಾನು ಬರೆದಿರಲಿಲ್ಲ. ಸುಮ್ನೆ ಶಾಂತಿ ದೇವಾಲಯ ಅನ್ನುವ ಚರ್ಚಿನ ಕಡೆ ನಡೆದೆ.

ಬಾಗಿಲು ತೆರೆದಿತ್ತು. ಒಳಗೆ ಒಬ್ಬರು ಗುಡಿಸುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ಸೀರೆ ಮೇಲೆ ಸಿಕ್ಕಿಸಿ, ಹಿಡಿಸೂಡಿ ಹಿಡಿದು. ಭಾನುವಾರದ ಹೂವಿನ ಎಸಳು, ಚಾಕಲೇಟ್ ಕಾಗದ, ಯಾರದೋ ಕರವಸ್ತ್ರ. ಗುಡಿಸುತ್ತ ಹಾಡುತ್ತಿದ್ದರು. ಎರಡನೇ ಸಾಲಿಗೇ ಗೊತ್ತಾಯಿತು, ಅವ್ವನ ಹಾಡು. ನಾನು ಹಿಂದಿನ ಬೆಂಚಿನಲ್ಲಿ ಕೂತು ಪುಸ್ತಕ ತೆರೆದೆ. ತೆನೆಯಿಂದ ಎರಡು ಭತ್ತ ಉದುರಿ ನೆಲಕ್ಕೆ ಬಿದ್ದವು.

"ಅಯ್ಯೋ, ಈಗಷ್ಟೇ ಗುಡಿಸಿದ್ದು!" ಅಂದರು. ಆಮೇಲೆ ಪುಸ್ತಕ ನೋಡಿ ಹತ್ತಿರ ಬಂದರು. "ನೀವು ಟೀಚರಾ?"

ಹೇಗೆ ಗೊತ್ತಾಯಿತೋ. ಹೌದು ಅಂದೆ. ಆಗಿದ್ದೆ ಅನ್ನಲಿಲ್ಲ.

"ಹಾಗಾದ್ರೆ ಒಂದು ಕೇಳ್ತೇನೆ. ನನಗೆ ಓದು ಬರುವುದಿಲ್ಲ. ಎಂಟು ವರ್ಷಕ್ಕೇ ಬೀಡಿ ಕಟ್ಟಲಿಕ್ಕೆ ಕೂತದ್ದು. ಹಾಡೆಲ್ಲ ಕೇಳಿ ಕಲಿತದ್ದು. ಈ ಹಾಡಿನಲ್ಲಿ 'ಅಡಿದಾವರೆ' ಅಂತ ಬರ್ತದಲ್ಲ, ಅದು ಎಂತ? ನಾನು ಅಡಿದಾರಿ, ಕಾಲುದಾರಿ ಅಂತ ಗ್ರಹಿಸಿದ್ದೆ. ಮೊಮ್ಮಗ ಅಲ್ಲ ಅಂತಾನೆ. ಅವನಿಗೂ ಗೊತ್ತಿಲ್ಲ."

ಅಡಿ ಪ್ಲಸ್ ತಾವರೆ. ಆದೇಶ ಸಂಧಿ. ಉತ್ತರ ಪದದ ತಕಾರಕ್ಕೆ ದಕಾರ ಆದೇಶವಾಗಿ ಬರುತ್ತದೆ. 33 ವರ್ಷ ಬೋರ್ಡಿನ ಮೇಲೆ ಬರೆದ ಉದಾಹರಣೆ. ಮಳೆಗಾಲ, ಬೆಟ್ಟದಾವರೆ, ಅಡಿದಾವರೆ. ಎರಡು ಮಾರ್ಕಿನ ಪ್ರಶ್ನೆ. ಅದೇ ಪದ ಭಾನುವಾರಗಳಲ್ಲಿ ಹಾಡಿದ್ದೂ ನಾನೇ. ಒಂದು ದಿನಕ್ಕೂ ಆ ಎರಡನ್ನು ಸೇರಿಸಿರಲಿಲ್ಲ. ಬೋರ್ಡಿನ ಪದ ಬೋರ್ಡಿನಲ್ಲಿತ್ತು, ಹಾಡಿನ ಪದ ಬಾಯಲ್ಲಿತ್ತು.

"ಅಡಿ ಅಂದ್ರೆ ಪಾದ ಅಕ್ಕ" ಅಂದೆ. "ಅಡಿಯೇ ತಾವರೆ. ಯೇಸುವಿನ ಪಾದ ತಾವರೆ ಹೂವಿನ ಹಾಗೆ ಅಂತ."

ಇದು ನಮ್ಮ ಹಾಡಿಗೆ ಬರುವ ಮೊದಲು ಜಿನನಿಗೆ, ಶಿವನಿಗೆ, ಹರಿಗೆ ಹೇಳಿದ ಮಾತು ಅಂತಲೂ ಹೇಳಿದೆ. ಅವರು ಅದಕ್ಕೆ ಆಶ್ಚರ್ಯಪಡಲಿಲ್ಲ. ಪದ ಯಾರದ್ದು ಅನ್ನುವುದಕ್ಕಿಂತ ಅರ್ಥ ಸಿಕ್ಕಿದ್ದೇ ದೊಡ್ಡದಾಗಿತ್ತು. ಹಿಡಿಸೂಡಿ ಬೆಂಚಿಗೆ ಒರಗಿಸಿ, ಪೀಠದ ಕಡೆ ತಿರುಗಿ ನೋಡಿದರು.

"ಓ. ಹಾಗಾದ್ರೆ ದಿನಾ ನಾನು ಗುಡಿಸುವುದು ಆ ತಾವರೆಯ ಬುಡವನ್ನೇ ಅಂತ ಆಯ್ತಲ್ಲಾ ಟೀಚರ್!"

ಜೋರಾಗಿ ನಕ್ಕರು. ಖಾಲಿ ದೇವಾಲಯದಲ್ಲಿ ಆ ನಗು ತಿರುಗಿ ಬಂತು. ಮತ್ತೆ ಮೊದಲಿಂದ ಹಾಡು ಶುರುಮಾಡಿದರು. ಆ ಪದ ಬಂದಾಗ ನಿಧಾನ ಮಾಡಿದರು. ನಾನು ಎದ್ದು ನಿಂತು ಸೇರಿಕೊಂಡೆ. ಎರಡನೇ ಸಾಲಿನ ಕಾಯರ್ ಧ್ವನಿ ಏಳಲಿಲ್ಲ, ಗಂಟಲು ಕಟ್ಟಿತ್ತು. ಎಲ್ಲಿ ತಪ್ಪಿತೋ, ಯಾರು ಕೇಳಿದರೋ, ಯಾವುದೂ ಲೆಕ್ಕಕ್ಕಿರಲಿಲ್ಲ. ನನ್ನ ಕಣ್ಣು ಯಾಕೋ ನನ್ನ ರಬ್ಬರ್ ಚಪ್ಪಲಿಯ ಮೇಲಿತ್ತು. ಒಳಗೆ ಬರುವಾಗ ಬಿಡಲು ಮರೆತಿದ್ದೆ.

ಆಮೇಲೆ ಇಬ್ಬರೂ ಬೆಂಚು ಸರಿಸಿದೆವು. ಒಂದು ತುದಿ ಅವರು, ಒಂದು ತುದಿ ನಾನು. ಒಂದೊಂದು ಬೆಂಚಿಗೆ ಒಂದೊಂದು ಪದ ಕೇಳಿದರು. ಬಿನ್ನಹ, ಒಡಂಬಡಿಕೆ, ತ್ರಾಣ. ಕೆಲವಕ್ಕೆ ಅವರು ಇಟ್ಟುಕೊಂಡಿದ್ದ ಅರ್ಥ ನಿಜವಾದದ್ದಕ್ಕಿಂತ ಚೆನ್ನಾಗಿತ್ತು. ಹಾಗೇ ಇರಲಿ ಅಂತ ಬಿಟ್ಟೆ. ಎರಡು ಗಂಟೆ ಅಂದದ್ದು ಮೂರೂವರೆ ಆಯಿತು. ಅಳಿಯ ಹೊಟ್ಟೆ ತುಂಬಿಸಿಕೊಂಡು ಬಂದು ಗೇಟಿನಲ್ಲಿ ಹಾರ್ನ್ ಹೊಡೆದ. ಹೊರಡುವಾಗ ಮೊಮ್ಮಗನ ನಂಬರ್ ಹೇಳಿದರು. ಬಾಯಲ್ಲೇ ಹತ್ತೂ ಅಂಕಿ.

ಚಾರ್ಮಾಡಿ ಹತ್ತಿ, ಮೂಡಿಗೆರೆಯಲ್ಲಿ ಕಾಫಿ ಕುಡಿದು, ಮಂಜಿನಲ್ಲಿ ನಿಧಾನವಾಗಿ ಬಂದೆವು. ಮನೆ ತಲುಪಿದಾಗ ರಾತ್ರಿ ಹನ್ನೊಂದೂವರೆ.

ಇದಾಗಿ ಆರು ವಾರ ಆಯಿತು. ಸೋಮವಾರ ಬೆಳಗ್ಗೆ ಎಂಟೂವರೆಗೆ ಮೊಮ್ಮಗನ ಫೋನಿಂದ ಕರೆ ಬರುತ್ತದೆ. ವಾರಕ್ಕೆ ಒಂದು ಪದ. ನಮ್ಮ ಸಭೆಯ ನಾಲ್ಕು ಅಜ್ಜಿಯರಿಗೂ ಇದು ಹೇಗೋ ಗೊತ್ತಾಗಿ ಗುರುವಾರ ಸಂಜೆ ಮನೆಗೆ ಬರುತ್ತಿದ್ದಾರೆ. ಹಾಡು ಹಾಡುತ್ತೇವೆ, ನಿಲ್ಲಿಸುತ್ತೇವೆ, ಪದ ಬಿಡಿಸುತ್ತೇವೆ, ಮತ್ತೆ ಹಾಡುತ್ತೇವೆ. ಒಂದು ಸಂಜೆಗೆ ಒಂದು ಚರಣ ಮುಗಿದರೆ ಜಾಸ್ತಿ.

ಈ ಸೋಮವಾರ ಬಂದ ಪದ ನನಗೂ ಗೊತ್ತಿರಲಿಲ್ಲ.

"ತಡೀರಿ ಅಕ್ಕ, ಕಿಟೆಲ್ ಕೋಶ ತೆಗೆದು ನೋಡ್ತೇನೆ. ಬೀರುವಿನ ಮೇಲಿದೆ, ಇಳಿಸಬೇಕು."

"ಗಡಿಬಿಡಿ ಎಂತ ಇಲ್ಲ ಟೀಚರ್. ನೀವು ನೋಡಿ. ನಾನು ಅಷ್ಟರೊಳಗೆ ಆಚೆ ಬದಿ ಗುಡಿಸಿ ಬರ್ತೇನೆ."